ಬೆಲ್ಲದ ನೀರಿನ ಪರೀಕ್ಷೆ

ನಾರಾಯಣಪೇಟೆಯ ನಮ್ಮ ಮನೆಗೆ ಎರಡು ಬಾಗಿಲುಗಳಿದ್ದವು. ಬೀದಿ ಕಡೆಯದು ಬರುವವರಿಗೆ. ಹಿತ್ತಲ ಕಡೆಯದು, ಬಂದವರು ಯಾರೆಂದು ಹೋಗಿ ನೋಡುವುದಕ್ಕೆ. ಯಾರಾದರೂ ಮುಂಬಾಗಿಲು ಬಡಿದರೆ ನಮ್ಮ ಆಯಿ, ಎಂದರೆ ಅಪ್ಪನ ಅವ್ವ, ಹಿತ್ತಲಿನಿಂದ ಹೊರಬಿದ್ದು, ಓಣಿ ಸುತ್ತು ಹಾಕಿಕೊಂಡು ಬಂದು, ಬಡಿಯುತ್ತಿದ್ದವರ ಬೆನ್ನ ಹಿಂದೆ ನಿಂತು "ಯಾರು ಬೇಕಾಗಿತ್ರಿ?" ಎನ್ನುತ್ತಿದ್ದಳು. ಎದೆ ಧಸಕ್ಕೆಂದು ತಿರುಗಿದವರ ಮುಖವನ್ನು ಅವಳು ಆಗ ಓದುತ್ತಿದ್ದಳು. ನೆಟ್ಟಗಿನ ಕೆಲಸಕ್ಕೆ ಬಂದವನು ಬೈಯುತ್ತಾನೆ, ಕಳ್ಳ ಕೆಲಸಕ್ಕೆ ಬಂದವನು ನಗುತ್ತಾನೆ ಎಂಬುದು ಅವಳ ಖಚಿತ ಅಭಿಪ್ರಾಯ. ಅಂಚೆಯವನು ಪಾಪ, ಸ್ವಭಾವತಃ ನಗುಮುಖದವನು. ಅವನನ್ನು ಅವಳು ಸಾಯುವ ತನಕ ನಂಬಲಿಲ್ಲ. ಆ ರಕ್ತ ನನ್ನಲ್ಲೂ ಇದೆ. ಮಕ್ತಲದ ಶಾಲೆಯಲ್ಲಿ ಜೀವಮಾನವೆಲ್ಲ ಚಿಕ್ಕ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು ನಾನು. ಹೋದ ವರ್ಷ ಒಬ್ಬ ಹುಡುಗಿ, ಸಣ್ಣ ಮಕ್ಕಳು ವಿಜ್ಞಾನ ಹೇಗೆ ಕಲಿಯುತ್ತಾರೆ ಎಂಬುದರ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ ಎಂದು ನನ್ನ ಮಾತು ಕೇಳಲು ಬಂದಾಗ, ಅವಳ ಗುರುತಿನ ಚೀಟಿ ಇಸಿದುಕೊಂಡು ಮೊಬೈಲಿನಲ್ಲಿ ಅದರ ಫೋಟೊ ತೆಗೆದಿಟ್ಟುಕೊಂಡೇ ಒಳಗೆ ಕರೆದೆ. ಅವಳು ಎಲ್ಲವನ್ನೂ ಕೇಳಿದಳು. ನಾನು ವಿಜ್ಞಾನ ಕಲಿತದ್ದು ಹೇಗೆಂದು ಮಾತ್ರ ಕೇಳಲಿಲ್ಲ, ಕೇಳಿದ್ದರೂ ಹೇಳುತ್ತಿರಲಿಲ್ಲ.

ನಮ್ಮದು ಉದ್ದನೆಯ ಮನೆ. ಮುಂದಿನ ಪಡಸಾಲೆಯಲ್ಲಿ ಎರಡು ಕುಣಿ ಮಗ್ಗಗಳು: ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟುಕೊಂಡು ಒಂದರಲ್ಲಿ ಅಪ್ಪ, ಇನ್ನೊಂದರಲ್ಲಿ ಅಪ್ಪನ ತಮ್ಮ ಕಾಕಾ ಕೂರುತ್ತಿದ್ದರು. ನಡುಮನೆಯಲ್ಲಿ ಅವ್ವನ ರಾಟಿ. ಅದರ ಹಿಂದೆ ಅಡುಗೆಮನೆ, ಅದಕ್ಕೂ ಹಿಂದೆ ಹಿತ್ತಲಲ್ಲಿ ತಗಡು ಹೊದಿಸಿದ ಒಂದು ಮಾಡು, ಅದರ ಕೆಳಗೆ ಬಣ್ಣದ ಹಂಡೆಗಳು. ಮನೆಯ ಮಾನವೆಲ್ಲ ಆ ಹಂಡೆಗಳಲ್ಲಿತ್ತು. ನಮ್ಮ ಕಡೆಯ ಸೀರೆಯ ಅಂಚು ಕೆಂಪು. ಬೇರೆ ಮನೆಗಳ ಕೆಂಪು ಎರಡನೇ ಒಗೆತಕ್ಕೆ ಮೈಗೆ ಹರಿಯುತ್ತಿತ್ತು, ನಮ್ಮದು ಸೀರೆ ಹರಿದು ಕೌದಿಯಾದ ಮೇಲೂ ಹಾಗೇ ಇರುತ್ತಿತ್ತು. ಮಗ್ಗಕ್ಕೆ ಒಮ್ಮೆ ಹೂಡಿದ ಒಂದೇ ಹಾಸಿನಲ್ಲಿ ಎಂಟು ಸೀರೆ ಇಳಿಯುವುದರಿಂದ ಬಣ್ಣ ಕೈಕೊಟ್ಟರೆ ಕೆಡುವುದು ಒಂದು ಸೀರೆಯಲ್ಲ, ಎಂಟೂ. ಬಣ್ಣದ ಪುಡಿ ಎಲ್ಲರೂ ತರುವ ಅಂಗಡಿಯದೇ. ಗುಟ್ಟು ಇದ್ದದ್ದು ಬಣ್ಣಕ್ಕೆ ಮುಂಚೆ ನೂಲಿನ ಲಡಿಗಳನ್ನು ನೆನೆಹಾಕುವ ನೀರಿನಲ್ಲಿ. ಆ ನೀರನ್ನು ಆಯಿ ಮತ್ತು ಅವ್ವ ಇಬ್ಬರೇ ನಸುಕಿನಲ್ಲಿ ಕೂಡಿಸುತ್ತಿದ್ದರು. ಆಗ ಅಪ್ಪನಿಗಾಗಲಿ ಕಾಕಾನಿಗಾಗಲಿ ಹಿತ್ತಲಿಗೆ ಪ್ರವೇಶವಿರಲಿಲ್ಲ. ತಂಬಿಗೆ ಹಿಡಿದು ಹೊರಡಬೇಕಾದವರೂ ಮುಂಬಾಗಿಲಿನಿಂದಲೇ ಹೋಗಿ ಊರೆಲ್ಲ ಸುತ್ತಬೇಕು. ಗುಟ್ಟು ಅತ್ತೆಯಿಂದ ಸೊಸೆಗೆ ಮಾತ್ರ ಇಳಿಯತಕ್ಕದ್ದು ಎಂಬುದು ಮನೆಯ ಪದ್ಧತಿ. ಅದಕ್ಕೆ ಆಯಿಯ ಹತ್ತಿರ ಕಾರಣವೂ ಇತ್ತು.

"ಮಗ ಬ್ಯಾರೆ ಆಗ್ತಾನ. ಮಗಳು ಬ್ಯಾರೆಯವರ ಮನಿಗೆ ಹೋಗ್ತಾಳ. ಸೊಸಿ ಎಲ್ಲಿಗೂ ಹೋಗಂಗಿಲ್ಲ."

ಮಗ ಬೇರೆಯಾದರೆ ಸೊಸೆಯೂ ಅವನ ಹಿಂದೆ ಹೋಗುತ್ತಾಳಲ್ಲ ಎಂದು ಯಾರೂ ಕೇಳಿದ್ದನ್ನು ನಾನು ಕಾಣೆ. ಆಯಿಯ ಎದುರು ತರ್ಕ ಮಾಡುವುದಕ್ಕಿಂತ ಊರು ಸುತ್ತುವುದೇ ಸುಲಭ. ಆದರೆ ಈ ಬಿಗಿ ಕಾವಲಿನಲ್ಲಿ ಅವರಿಬ್ಬರೂ ಒಂದು ತಪ್ಪು ಮಾಡಿದ್ದರು. ಸೋಸುವ ಬಟ್ಟೆಯ ಇನ್ನೊಂದು ತುದಿ ಹಿಡಿಯಲು ಮೂರನೆಯ ಕೈ ಬೇಕಾಗುತ್ತಿತ್ತು, ಅದಕ್ಕೆ ಎರಡನೇ ಇಯತ್ತೆಯ ನನ್ನನ್ನು ಹಾಸಿಗೆಯಿಂದ ಎಬ್ಬಿಸಿ ತರುತ್ತಿದ್ದರು. ಕಾಲಲ್ಲಿ ಸುಳಿಯುವ ಬೆಕ್ಕಿನಿಂದ ಯಾರೂ ಏನನ್ನೂ ಮುಚ್ಚಿಡುವುದಿಲ್ಲವಷ್ಟೆ. ಯಾವುದರ ನಂತರ ಯಾವುದು, ಎಷ್ಟು ಹಿಡಿ, ಎಷ್ಟು ದಿನ, ಎಲ್ಲವನ್ನೂ ನಾನು ನೋಡಿದ್ದೆ. ಏನೇನು ಹಾಕುತ್ತಿದ್ದರು ಎಂದು ಇಲ್ಲಿ ಬರೆಯುವುದಿಲ್ಲ. ಮಗ್ಗ ಎತ್ತಿ ಎಷ್ಟೋ ಕಾಲವಾಯಿತು, ಹಂಡೆಗಳನ್ನು ಮಾರಿಯಾಯಿತು, ಆದರೂ ಬರೆಯುವುದಿಲ್ಲ. ಓದುವವರು ಯಾರ ಪೈಕಿಯೋ ಏನೋ.

ಊಟವೆಂದರೆ ನಮ್ಮಲ್ಲಿ ಪಂಚನಾಮೆ. ಸಂಜೆ ಎಲ್ಲರೂ ಒಲೆಯ ಸುತ್ತ ಕೂತ ಮೇಲೆ ಆಯಿ ಜೋಳದ ರೊಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ, "ಇವತ್ತ ಯಾರ ಜೋಡಿ ಮಾತಾಡಿದಿ?" ಎಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದಳು. ಉತ್ತರ ಬಂದ ಮೇಲೆ ರೊಟ್ಟಿ ತಾಟಿಗೆ ಬೀಳುತ್ತಿತ್ತು, ಅದರ ಮೇಲೆ ಪುಂಡಿಪಲ್ಲೆ. ಅಪ್ಪ ಗದ್ವಾಲದ ವ್ಯಾಪಾರಿಯೊಂದಿಗೆ ಮಾತಾಡಿದ್ದರೆ ಅವನು ಏನು ಕೇಳಿದ, ಇವನು ಏನು ಹೇಳಿದ, ಆಗ ಪಕ್ಕದಲ್ಲಿ ಯಾರು ನಿಂತಿದ್ದರು, ಎಲ್ಲವೂ ಬೇಕು. ಇದರಿಂದಲೇ ದಿನಕ್ಕೊಂದು ಜಗಳ. ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಕಲಿಸಿದ ಮಾತು "ಗೊತ್ತಿಲ್ರಿ". ನಿಮ್ಮ ಮನೆಯಲ್ಲಿ ಇವತ್ತು ಏನಡುಗೆ ಎಂದು ಕೇಳಿದರೂ ಗೊತ್ತಿಲ್ರಿ. ಈ ವಿಚಾರಣೆಯನ್ನು ನಗುನಗುತ್ತಾ ದಾಟುತ್ತಿದ್ದವನು ಕಾಕಾ ಒಬ್ಬನೇ. ಮೂವತ್ತು ದಾಟಿದ್ದರೂ ಮದುವೆಯಾಗಿರಲಿಲ್ಲ. ಬಂದ ಸಂಬಂಧಗಳೆಲ್ಲ, ಆಯಿ ಹೆಣ್ಣಿನ ಕಡೆಯವರನ್ನೂ ಬೆನ್ನ ಹಿಂದಿನಿಂದಲೇ ವಿಚಾರಿಸಿಕೊಂಡದ್ದರಿಂದ, ಚಹಾಕ್ಕೆ ಮುಂಚೆಯೇ ಎದ್ದು ಹೋಗಿದ್ದವು. ಅವನಿಗೆ ನಾನೆಂದರೆ ಜೀವ. ಬಸ್ ಸ್ಟ್ಯಾಂಡಿನ ಮಿರ್ಚಿ ಭಜಿಯನ್ನು ಕಾಗದದಲ್ಲಿ ಸುತ್ತಿ ತಂದು, ಯಾರಿಗೂ ಕಾಣದಂತೆ ನನ್ನ ಕೈಗಿಡುತ್ತಿದ್ದ. ನನಗೂ ಆ ಮನೆಯಲ್ಲಿ ಅವನೊಬ್ಬನ ಮೇಲೆ ಯಾವ ಅನುಮಾನವೂ ಇರಲಿಲ್ಲ.

ಇಂಥ ಮನೆಗೆ ಸುಮಿತ್ರಾ ಅಕ್ಕಾರು ಬಂದರು. ಓದಿಸುವ ಹೆಂಗಸರೆಲ್ಲ ನಮ್ಮ ಕಡೆ ಅಕ್ಕಾರೇ. ಹೈದರಾಬಾದಿನ ಯಾವುದೋ ವಿಶ್ವವಿದ್ಯಾಲಯದಲ್ಲಿ ದೊಡ್ಡ ಓದು ಓದುತ್ತಿದ್ದ ಅವರು ಮಕ್ತಲದಲ್ಲಿ ಒಂದು ಕೋಣೆ ಹಿಡಿದು, ವಾರಕ್ಕೆರಡು ಸಲ ಬಸ್ಸಿನಲ್ಲಿ ಬರುತ್ತಿದ್ದರು. ಸಣ್ಣ ಮಕ್ಕಳು ಶಾಲೆಗಿಂತ ಹೊರಗೆ, ಮನೆಯ ಕೆಲಸಗಳ ನಡುವೆ ವಿಜ್ಞಾನವನ್ನು ಹೇಗೆ ಕಲಿಯುತ್ತಾರೆಂದು ಕಂಡುಕೊಳ್ಳುವುದು ಅವರ ಸಂಶೋಧನೆ. ಮೊದಲ ದಿನ ಹೆಡ್‌ಮಾಸ್ತರರೇ ಜೊತೆಯಲ್ಲಿ ಬಂದು ಇದನ್ನೆಲ್ಲ ವಿವರಿಸಿದರು. ಅವರಿಬ್ಬರ ಬೆನ್ನ ಹಿಂದೆ ನಿಂತೇ ಆಯಿ ಕೇಳಿಸಿಕೊಂಡಳು.

"ಮಕ್ಕಳು ಹೆಂಗ ಕಲೀತಾವು ಅಂತ ನೋಡಾಕ ಹೈದರಾಬಾದಿಂದ ಬರಬೇಕೇನ್ರಿ ಮಾಸ್ತರ? ಅಲ್ಲಿ ಮಕ್ಕಳು ಹುಟ್ಟಂಗಿಲ್ಲೇನು?"

"ಹಂಗಲ್ಲಬೇ, ಇದು ರಿಸರ್ಚ್ ಐತಿ. ಹುಡುಗಿ ಜೋಡಿ ಕೂತು ನಾಕು ಮಾತು ಕೇಳ್ತಾರ, ಬರಕೋತಾರ, ಹೋಗ್ತಾರ. ನಿಮಗೇನು ತ್ರಾಸಿಲ್ಲ."

ಬರಕೋತಾರ ಎಂಬ ಮಾತೇ ಸಾಕಾಯಿತು. ಹೆಡ್‌ಮಾಸ್ತರರ ಮುಖ ನೋಡಿ ಬೇಡವೆನ್ನಲಾರದೆ ಒಪ್ಪಿದರು, ಆದರೆ ಆ ರಾತ್ರಿಯೂಟದಲ್ಲಿ ಮೂವರಿಗೂ ಮೂರು ಅನುಮಾನ. ಅಪ್ಪನ ಪ್ರಕಾರ ಅವರು ಮಗ್ಗಗಳನ್ನು ತಪಾಸಣೆ ಮಾಡಲು ಬಂದ ಸರಕಾರದವರು. ಅವ್ವನ ಪ್ರಕಾರ ಹೆಣ್ಣು ನೋಡುವವರು, ಇಲ್ಲದಿದ್ದರೆ ನನಗೆ ಎಷ್ಟು ಹಲ್ಲು ಬಿದ್ದಿವೆ ಎಂದು ಯಾಕೆ ಕೇಳಬೇಕು? ಆಯಿಗೆ ಮಾತ್ರ ಸಂಶಯವೇ ಇರಲಿಲ್ಲ. ಓಣಿಯ ತುದಿಯಲ್ಲಿ ನರಸಪ್ಪನ ಬಣ್ಣದ ಮನೆಯಿತ್ತು. ನಮ್ಮ ಕೆಂಪನ್ನು ಹಿಡಿಯಲು ಅವನು ಮಾಡದ ಪ್ರಯತ್ನವಿರಲಿಲ್ಲ. ಒಮ್ಮೆ ನಮ್ಮ ಮೋರಿಯ ನೀರನ್ನು ಚೊಂಬಿನಲ್ಲಿ ಹಿಡಿಸಿಕೊಂಡು ಹೋಗಿದ್ದನೆಂದು ಪ್ರತೀತಿ. ಈಕೆ ನರಸಪ್ಪ ಕಳಿಸಿದವಳು. ಅವರು ಆಡುತ್ತಿದ್ದ ರೇಡಿಯೋದಂಥ ಮೈಸೂರು ಕಡೆಯ ಕನ್ನಡವೇ ಅದಕ್ಕೆ ಸಾಕ್ಷಿ.

"ಅಷ್ಟು ಚಂದ ಮಾತಾಡೋರು ಖಾಲಿಪೀಲಿ ಮಾತಾಡಂಗಿಲ್ಲ," ಎಂದಳು ಆಯಿ. "ಮ್ಯಾಗ ಗೊತ್ತಿದ್ದದ್ದನ್ನ ಕೇಳ್ತಾಳ. ಗೊತ್ತಿದ್ದದ್ದನ್ನ ಕೇಳೋರು ಇಬ್ರ: ಪೊಲೀಸರು, ಬೀಗರು."

ಅವರು ಕೇಳುತ್ತಿದ್ದದ್ದು ಹಾಗೇ ಇತ್ತು ನಿಜ. ನಡುಮನೆಯಲ್ಲಿ ನನ್ನೆದುರು ಚಕ್ಕಳಮಕ್ಕಳ ಹಾಕಿ ಕೂತು, ಒದ್ದೆ ನೂಲು ಒಣ ನೂಲಿಗಿಂತ ಯಾಕೆ ತಣ್ಣಗಿದೆ, ಬಣ್ಣ ಹಸಿಯಿದ್ದಾಗ ಗಾಢವಾಗಿದ್ದದ್ದು ಒಣಗಿದ ಮೇಲೆ ಯಾಕೆ ತಿಳಿಯಾಗುತ್ತದೆ ಎಂದು ಕೇಳುವರು. ನಾನು ಬಾಯಿಪಾಠದಂತೆ ಗೊತ್ತಿಲ್ರಿ ಎನ್ನುವೆ. ಅವರು ಬೇಸರ ಮಾಡಿಕೊಳ್ಳುತ್ತಿರಲಿಲ್ಲ, "ನಿಂಗೇನನ್ಸುತ್ತೆ?" ಎನ್ನುತ್ತಿದ್ದರು. ಆ ಪ್ರಶ್ನೆಯನ್ನು ನನಗೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಏನೂ ಅನ್ನಿಸುವ ರೂಢಿಯಿರಲಿಲ್ಲ, ಗೊತ್ತಿರುತ್ತಿತ್ತು ಅಥವಾ ಗೊತ್ತಿರುತ್ತಿರಲಿಲ್ಲ. ಮೂರನೆಯ ವಾರಕ್ಕೆ ನನ್ನ ಬಾಯಿ ಬಿಚ್ಚಿತು. ಏನು ಹೇಳಿದರೂ ಅವರು ಸರಿ ಎನ್ನಲೂ ಇಲ್ಲ, ತಪ್ಪೆನ್ನಲೂ ಇಲ್ಲ, "ಹೌದಾ? ಅದು ಹೇಗೆ ಗೊತ್ತಾಯ್ತು?" ಎಂದಷ್ಟೇ ಕೇಳಿ, ನಾನು ಹೇಳಿದ್ದನ್ನು ನಾನು ಹೇಳಿದ ಮಾತಲ್ಲೇ ಬರೆದುಕೊಳ್ಳುವರು. ಮಂಗಳವಾರ ಮತ್ತು ಶುಕ್ರವಾರ ಶಾಲೆ ಬಿಟ್ಟ ಕೂಡಲೇ ನಾನು ಓಡಿ ಬರುತ್ತಿದ್ದೆ. ಅವರನ್ನು ನಾನು ಬಹಳ ಹಚ್ಚಿಕೊಂಡೆ. ಅವರು ಕಳ್ಳಿಯಾಗಿರಬಾರದು ಎಂದು ದಿನವೂ ಬೇಡಿಕೊಳ್ಳುತ್ತಿದ್ದೆ.

ಒಮ್ಮೆ ಅವರು ಎರಡು ಬಟ್ಟಲುಗಳಲ್ಲಿ ಹೆಸರುಕಾಳು ಹಾಕಿಸಿದರು. ಕಾಳು ಮೊಳೆಯಲು ಬೆಳಕು ಬೇಕೇ ಬೇಡವೇ ಎಂದು ನಾನೇ ಕಂಡುಹಿಡಿಯಬೇಕು. ಒಂದನ್ನು ಕಿಟಕಿಯಲ್ಲಿಟ್ಟು ದಿನಾ ನೀರು ಚಿಮುಕಿಸಿದೆ, ಇನ್ನೊಂದನ್ನು ಜೋಳ ತುಂಬಿಡುವ ನೆಲದೊಳಗಿನ ಹಗೇವಿನಂಥ ಕತ್ತಲ ಮೂಲೆಯಲ್ಲಿಟ್ಟು ಮರೆತೆ. ಶುಕ್ರವಾರ ಬಂದಾಗ ಕಿಟಕಿಯ ಕಾಳು ಬಾಲ ಬಿಟ್ಟಿತ್ತು, ಕತ್ತಲಿನದು ಕಲ್ಲಿನಂತೆ ಬಿದ್ದಿತ್ತು. ಬೆಳಕು ಬೇಕೇ ಬೇಕು ಎಂದು ನಾನು ಕುಣಿದೆ.

"ಕತ್ತಲೆ ಬಟ್ಟಲಿಗೆ ನೀರು ಹಾಕಿದ್ಯಾ?"

"ಇಲ್ರಿ."

"ಹಾಗಾದ್ರೆ ಅದು ಮೊಳೀದೇ ಇದ್ದದ್ದು ಬೆಳಕಿಲ್ದೆನೋ, ನೀರಿಲ್ದೆನೋ? ಎರಡರಲ್ಲಿ ಯಾವುದು ಅಂತ ಹೇಗೆ ಗೊತ್ತು?"

ಗೊತ್ತಿರಲಿಲ್ಲ. ಆ ಸಲ ನಿಜವಾಗಿಯೂ ಗೊತ್ತಿರಲಿಲ್ಲ. ಮತ್ತೆ ಇಟ್ಟೆ, ಎರಡಕ್ಕೂ ನೀರು ಹಾಕಿದೆ. ಕತ್ತಲಿನ ಕಾಳೂ ಬಾಲ ಬಿಟ್ಟಿತು. ನಮ್ಮವ್ವ ಎರಡನ್ನೂ ಕೂಡಿಸಿ ಉಸುಳಿ ಮಾಡಿದಳು.

ಅನಾಹುತವಾದದ್ದು ಇದಾದ ಎರಡು ವಾರಕ್ಕೆ. ಅಕ್ಕಾರು ಕೈ ತೊಳೆಯಲು ಹಿತ್ತಲಿಗೆ ಹೋದವರು ಮಾಡಿನ ಕೆಳಗೆ ಬಗ್ಗಿ, ನೆನೆಹಾಕುವ ಹಂಡೆಯ ಮುಚ್ಚಳ ಸರಿಸಿ ಮೂಸಿ ನೋಡಿ, ಅಲ್ಲೇ ನಿಂತು ನೋಟ್‌ಬುಕ್ಕಿನಲ್ಲಿ ಏನೋ ಬರೆದರು. ಅಡುಗೆಮನೆಯ ಸಂದಿಯಿಂದ ಆಯಿ ಅದನ್ನು ನೋಡಿದಳು.  ಸಂಜೆ ರೊಟ್ಟಿ ಹಿಡಿದು ಕೂತಾಗ, ಬರುವ ಶುಕ್ರವಾರದ ನಂತರ ಆಕೆ ಈ ಹೊಸ್ತಿಲು ತುಳಿಯಕೂಡದು ಎಂದು ಸಾರಿದಳು. ಅಪ್ಪ ಹೂಂಗುಟ್ಟಿದ. ಕಾಕಾ ಇನ್ನೂ ಹೆಚ್ಚು ಜೋರಾಗಿ ಹೂಂಗುಟ್ಟಿದ. ನಾನು ರೊಟ್ಟಿಯನ್ನು ತಾಟಿಗೆ ಇಟ್ಟೆ.

"ಅಕ್ಕಾರು ಅಂಥವರಲ್ಲ ಆಯಿ."

"ಹೆಂಗ ಗೊತ್ತು?" ಎಂದಳು ಆಯಿ.

ಅದು ಅಕ್ಕಾರದೇ ಪ್ರಶ್ನೆ. ಹೇಗೆ ಗೊತ್ತು ಎಂದರೆ ಪರೀಕ್ಷಿಸಿ ನೋಡಬೇಕು. ಏಳು ವರ್ಷದ ತಲೆ ಆ ರಾತ್ರಿ ಕೌದಿಯೊಳಗೆ ಒಂದು ಉಪಾಯ ಹೂಡಿತು, ಅದನ್ನು ನೆನೆದರೆ ಈಗಲೂ ನನಗೆ ಹೆಮ್ಮೆ ಮತ್ತು ನಾಚಿಕೆ ಎರಡೂ ಆಗುತ್ತವೆ. ಗುಟ್ಟು ಎಂದು ಒಂದು ಸುಳ್ಳನ್ನು ಅಕ್ಕಾರಿಗೆ ಹೇಳಬೇಕು. ಅವರು ಕಳ್ಳಿಯಾಗಿದ್ದರೆ ಆ ಸುಳ್ಳು ನರಸಪ್ಪನ ಮನೆಯಲ್ಲಿ ಏಳಬೇಕು. ಅಲ್ಲದಿದ್ದರೆ ಎಲ್ಲೂ ಏಳಬಾರದು. ಏಳುವುದಿಲ್ಲವೆಂಬ ಭರವಸೆಯಿಂದಲೇ ನಾನು ಹೂಡಿದ್ದು. ಅವರನ್ನು ಹಿಡಿಯುವುದಕ್ಕಲ್ಲ, ಉಳಿಸಿಕೊಳ್ಳುವುದಕ್ಕೆ.

ಮಂಗಳವಾರ ಅವರು ಬಂದು ಕೂತರು. ಅಪ್ಪ ಪೇಟೆಗೆ ಹೋಗಿದ್ದ, ಆಯಿ ಮತ್ತು ಅವ್ವ ಹಿತ್ತಲಲ್ಲಿದ್ದರು. ಪಡಸಾಲೆಯಲ್ಲಿ ಕಾಕಾನ ಮಗ್ಗ ಮಾತ್ರ ಬಡಿಯುತ್ತಿತ್ತು. ನಾನು ಅವರ ಹತ್ತಿರ ಸರಿದು, ಅವರು ಕೇಳದಿದ್ದರೂ ಪಿಸುದನಿಯಲ್ಲಿ ಹೇಳಿದೆ.

"ಅಕ್ಕಾರ, ನಮ್ಮ ಕೆಂಪು ಯಾಕ ಹೋಗಂಗಿಲ್ಲ ಗೊತ್ತೇನ್ರಿ? ನೂಲು ಒಂದು ರಾತ್ರಿ ಬೆಲ್ಲದ ನೀರಿನಾಗ ನೆನೆಹಾಕ್ತೀವಿ. ಯಾರ ಮುಂದೂ ಹೇಳಬ್ಯಾಡ್ರಿ."

 ಪೆನ್ನು ತೆರೆದಿದ್ದ ಅಕ್ಕಾರು ಅದನ್ನು ಮುಚ್ಚಿದರು.

"ಯಾರ ಮುಂದೂ ಹೇಳಬಾರದ್ದನ್ನ ನಂಗ್ಯಾಕೆ ಹೇಳ್ದೆ ಪುಟ್ಟಿ?"

"ಸುಮ್ನ," ಎಂದೆ. ಅವರು ಅದನ್ನು ಬರೆದುಕೊಳ್ಳಲಿಲ್ಲ. ಬರೆಯದೇ ಇದ್ದದ್ದು ನನಗೆ ಆಗ ಇನ್ನೂ ಅನುಮಾನಕ್ಕೆ ಕಾರಣವಾಯಿತು. ನೆನಪಿಟ್ಟುಕೊಂಡು ಹೋಗಿ ಹೇಳುವವರು ಬರೆಯುವುದಿಲ್ಲವಲ್ಲ.

ಗುರುವಾರ ಬೆಳಿಗ್ಗೆ ಶಾಲೆಗೆ ಹೋಗುವಾಗ ನರಸಪ್ಪನ ಮನೆಯ ಮುಂದೆ ಗುಂಪು ಸೇರಿತ್ತು. ಬೀದಿಯುದ್ದಕ್ಕೂ ಕಟ್ಟಿದ ಗಳಗಳ ಮೇಲೆ ಲಡಿಗಳು ನೇತಾಡುತ್ತಿದ್ದವು, ಅವುಗಳ ಮೇಲೆ ಇರುವೆಗಳು. ಒಂದೆರಡಲ್ಲ, ನೂಲಿನ ಬಣ್ಣವೇ ಕಾಣದಷ್ಟು ಕಟ್ಟಿರುವೆ. ನರಸಪ್ಪನ ಹೆಂಡತಿ ಬರಿಗೈಯಲ್ಲಿ ಕೊಡವಲು ಹೋಗಿ ಕಚ್ಚಿಸಿಕೊಂಡು ತೆಲುಗಿನಲ್ಲಿ ಗಂಡನ ಮೂರು ತಲೆಮಾರನ್ನು ಬೈಯುತ್ತಿದ್ದಳು. ಓಣಿಯ ಮಂದಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ನಾನೊಬ್ಬಳೇ ಅಳುತ್ತಾ ನಿಂತಿದ್ದೆ. ಶಾಲೆಗೆ ಹೋಗದೆ ಮನೆಗೆ ಓಡಿ, ಆಯಿಯ ಮಡಿಲಲ್ಲಿ ಮುಖವಿಟ್ಟು, ಬೆಲ್ಲದ ಸುಳ್ಳಿನ ಕಥೆಯನ್ನೆಲ್ಲ ಹೇಳಿಬಿಟ್ಟೆ. ನನ್ನನ್ನು ನಂಬಿಸಿ ಮೋಸ ಮಾಡಿದರಲ್ಲ ಎಂಬ ಸಿಟ್ಟು ನನಗೆ. ಆಯಿ ನನ್ನ ತಲೆ ಸವರುತ್ತಾ ಎಲ್ಲವನ್ನೂ ಎರಡೆರಡು ಸಲ ಕೇಳಿದಳು. ಯಾವ ದಿನ, ಎಷ್ಟು ಹೊತ್ತಿಗೆ, ಮನೆಯಲ್ಲಿ ಯಾರ್ಯಾರಿದ್ದರು.

ಮರುದಿನ ಅಕ್ಕಾರು ಬಂದಾಗ ಆಯಿ ಹಿತ್ತಲು ಸುತ್ತಿ ಹೋಗಲಿಲ್ಲ. ಮುಂಬಾಗಿಲನ್ನೇ ತೆರೆದು ಹೊಸ್ತಿಲ ಮೇಲೆ ನಿಂತು, ಓಣಿಗೆಲ್ಲ ಕೇಳುವಂತೆ ಮಾತಾಡಿದಳು.

"ಉಂಡ ಮನಿ ಜಂತಿ ಎಣಿಸೋರು ನಮಗ ಬ್ಯಾಡ್ರಿ ಬಾಯಿ. ಹುಡುಗಿ ಬೆಲ್ಲ ಅಂದಳು, ನೀವು ಹೋಗಿ ನರಸಪ್ಪಗ ಬೆಲ್ಲ ಅಂದ್ರಿ. ಇರುವಿ ಬಂದು ಸಾಕ್ಷಿ ಹೇಳ್ಯಾವು. ಇನ್ನ ಈ ಕಡಿ ಬರಬ್ಯಾಡ್ರಿ."

 ಅಕ್ಕಾರು ಆಯಿಯೊಡನೆ ವಾದಿಸಲಿಲ್ಲ. ಅವಳ ಹಿಂದೆ ಸೆರಗು ಹಿಡಿದು ನಿಂತಿದ್ದ ನನ್ನ ಕಡೆ ಬಗ್ಗಿದರು.

"ನೀನು ಹೇಳಿದ್ದನ್ನ ನಾನು ಯಾರಿಗೂ ಹೇಳಿಲ್ಲ ಪುಟ್ಟಿ. ಆದ್ರೆ ಹೇಳಿಲ್ಲ ಅನ್ನೋದನ್ನ ತೋರಿಸೋಕೆ ನನ್ನ ಹತ್ರ ಏನೂ ಇಲ್ಲ."

ಅಷ್ಟು ಹೇಳಿ ನೋಟ್‌ಬುಕ್ಕನ್ನು ಎದೆಗೊತ್ತಿಕೊಂಡು ಮಕ್ತಲದ ಬಸ್ಸಿಗೆ ನಡೆದರು. ಓಣಿಯ ಎಲ್ಲ ಬಾಗಿಲುಗಳಲ್ಲೂ ಜನ ನಿಂತಿದ್ದರು. ಆ ವಾರದಲ್ಲೇ ಮಾತು ಊರೆಲ್ಲ ಹರಡಿ, ಬೇರೆ ನಾಲ್ಕು ನೇಕಾರರ ಮನೆಗಳೂ ಅವರಿಗೆ ಬಾಗಿಲು ಹಾಕಿದವು. ಅವರ ಸಂಶೋಧನೆ ಅಲ್ಲಿಗೆ ನಿಂತಿತೆಂದೂ, ಮಕ್ತಲದ ಕೋಣೆ ಖಾಲಿ ಮಾಡಿ ಹೋದರೆಂದೂ ಹೆಡ್‌ಮಾಸ್ತರರು ಶಾಲೆಯಲ್ಲಿ ಎಲ್ಲರ ಎದುರೂ ನನಗೆ ಹೇಳಿದರು.

ಮೊದಮೊದಲು ನನಗೆ ಗೆದ್ದ ಹುರುಪಿತ್ತು. ಆಯಿ ಬಂದವರೆದುರೆಲ್ಲ ನನ್ನ ಬುದ್ಧಿವಂತಿಕೆಯನ್ನು ಕೊಂಡಾಡುತ್ತಿದ್ದಳು. ಆಮೇಲೆ ಒಂದು ದಿನ ಕಿಟಕಿಯಲ್ಲಿ ಖಾಲಿ ಬಟ್ಟಲು ಕಂಡು, ಕತ್ತಲ ಮೂಲೆಯ ಕಾಳು ಮೊಳೆಯದೆ ಇದ್ದದ್ದು ಬೆಳಕಿಲ್ಲದೆಯೋ ನೀರಿಲ್ಲದೆಯೋ ಎಂಬ ಮಾತು ತಲೆಯಲ್ಲಿ ಸುಳಿಯಿತು. ಬೆಲ್ಲದ ಮಾತನ್ನು ಅಕ್ಕಾರೊಬ್ಬರೇ ಕೇಳಿದ್ದರೇ? ಆ ಮಂಗಳವಾರವನ್ನು ಮತ್ತೆ ಮನಸ್ಸಿನಲ್ಲಿ ಕೂರಿಸಿಕೊಂಡು ನೋಡಿದೆ. ನಾನು ಪಿಸುಗುಟ್ಟಿದ್ದು, ಅವರು ಪೆನ್ನು ಮುಚ್ಚಿದ್ದು, ಎಲ್ಲ ನಿಚ್ಚಳವಾಗಿ ಕೇಳಿಸಿತ್ತು. ಕಾಕಾನ ಮಗ್ಗ ಬಡಿಯುತ್ತಿದ್ದರೆ ಆ ಮನೆಯಲ್ಲಿ ಪಿಸುಮಾತು ಕೇಳಿಸುವುದು ಹೇಗೆ? ನಾನು ಮಾತು ಶುರು ಮಾಡಿದಾಗ ಮಗ್ಗ ನಿಂತಿತ್ತು.

ಇದನ್ನು ಮೊದಲು ನಾನೇ ನಂಬಲಿಲ್ಲ. ಕಾಕಾನ ಕುಣಿಯಲ್ಲಿ ನೂಲು ಹರಿದಿರಬಹುದು, ಕಾಲು ಜೋಮು ಹಿಡಿದಿರಬಹುದು. ಆದರೆ ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಮನೆಯಲ್ಲೇ ಹೇಳುತ್ತಿದ್ದರು. ನಾನು ಹೂಡುವ ಮೊದಲೇ ಪರೀಕ್ಷೆ ತಾನಾಗಿ ನನ್ನ ಬಳಿ ನಡೆದು ಬಂತು. ಆ ಭಾನುವಾರ ಕಾಕಾ ಮಿರ್ಚಿ ಭಜಿಯ ಪೊಟ್ಟಣ ಹಿಡಿದು ಬಾವಿಕಟ್ಟೆಗೆ ಬಂದ. ಎಂದಿಗಿಂತ ಎರಡು ಹೆಚ್ಚೇ ಇದ್ದವು.

"ನೀ ಭಾಳ ಶಾಣೇಕಿ ಬಿಡವ್ವ. ಬೆಲ್ಲ ಅಂತ ಹೇಳಿ ಹೆಂಗ ಮಂಗ್ಯಾ ಮಾಡಿದಿ ಅಕಿನ್ನ!" ಎಂದು ನಕ್ಕ. ಆಮೇಲೆ ಬಾವಿಯ ಒಳಗೆ ನೋಡುತ್ತಾ ಕೇಳಿದ, "ಮತ್ತ ಖರೇ ಏನು ಹಾಕ್ತಾರ? ನಾನೂ ಇದ ಮನ್ಯಾಗ ಹುಟ್ಟೀನಿ, ನನಗ ಗೊತ್ತಿಲ್ಲ ನೋಡು."

ಆ ಕೊನೆಯ ಮಾತಿನಲ್ಲಿ ನಿಜವಾದ ನೋವಿತ್ತು, ಅದು ನನಗೆ ಈಗ ತಿಳಿಯುತ್ತದೆ. ಅಂದು ಭಜಿ ಬಾಯಲ್ಲಿಟ್ಟುಕೊಂಡು, ನೆಟ್ಟಗೆ ಅವನ ಮುಖ ನೋಡಿ ಹೇಳಿದೆ.

"ಹುಳಿ ಮಜ್ಜಿಗಿ ಕಾಕಾ. ಹಂಡೆ ತುಂಬ."

ಮೂರನೆಯ ದಿನ ನರಸಪ್ಪನ ಹೆಂಡತಿ ನಮ್ಮ ಬಾಗಿಲಿಗೇ ಬಂದಳು. ನಮ್ಮ ಕಡೆ ಮಜ್ಜಿಗೆಯನ್ನು ಮಾರುವುದೂ ಇಲ್ಲ, ಕೇಳಿದವರಿಗೆ ಇಲ್ಲವೆನ್ನುವುದೂ ಇಲ್ಲ, ವೈರಿಗಾದರೂ ಸರಿ. ಕೊಡಪಾನ ಕಂಕುಳಲ್ಲಿಟ್ಟುಕೊಂಡು ಅವಳು ಮನೆಮನೆಗೂ ಹೋಗಿ ಬಂದಿದ್ದಳು, ಅದು ಅರ್ಧ ತುಂಬಿತ್ತು.

"ಒಂದು ತಂಬಿಗಿ ಮಜ್ಜಿಗಿ ಇದ್ರ ಹಾಕ್ರಿ ಅತ್ತಿ. ಹುಳಿ ಇದ್ರೂ ನಡೀತೈತಿ."

ನಾನು ಗೋಡೆಗೆ ಒರಗಿ ನಿಂತೆ.  ಆಯಿ ಒಳಗೆ ಹೋಗಿ, ಒಂದು ತಂಬಿಗೆಯಲ್ಲ, ಇಡೀ ಗಡಿಗೆಯನ್ನೇ ತಂದು ಅವಳ ಕೊಡಪಾನಕ್ಕೆ ಸುರಿದಳು. ಇಷ್ಟೊಂದು ಮಜ್ಜಿಗೆ ಯಾಕೆಂದು ಕೇಳಲಿಲ್ಲ. ಊರಿನಲ್ಲಿ ಯಾರು ಕೆಮ್ಮಿದರೂ ಯಾಕೆಂದು ಕೇಳುವ ಆಯಿ ಕೇಳಲಿಲ್ಲ. ನರಸಪ್ಪನ ಹೆಂಡತಿ ಹೋದ ಮೇಲೆ ನಾನು ಆಯಿಯ ಕೈ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋಗಿ, ಬಿಕ್ಕುತ್ತಾ ಮಜ್ಜಿಗೆಯ ವಿಷಯ ಹೇಳಿದೆ. ಕಾಕಾ ಒಬ್ಬನಿಗೇ ಹೇಳಿದ್ದು, ಈ ಸಲ ಬೇರೆ ಯಾರೂ ಇರಲಿಲ್ಲ, ಬಾವಿಕಟ್ಟೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ಅಕ್ಕಾರಲ್ಲ ಆಯಿ. ಕಾಕಾ."

"ಗೊತ್ತೈತಿ."

"ಯಾವಾಗ ಗೊತ್ತಾತು?"

"ಬೆಲ್ಲಕ್ಕೂ ಮೊದಲ ಗೊತ್ತಿತ್ತು. ಅಂವ ನರಸಪ್ಪನ ಮನ್ಯಾಗ ಚಾ ಕುಡಿಯೋದು ನಾ ಎಷ್ಟು ಸಲ ನೋಡೀನಿ. ನರಸಪ್ಪ ತನ್ನ ತಂಗಿ ಮಗಳನ್ನ ಕೊಡ್ತೀನಿ ಅಂತ ಆಸಿ ಹಚ್ಯಾನ ಇವಗ. ವಯಸ್ಸಾತು, ಪಾಪ, ಆಸಿ ಇರಂಗಿಲ್ಲೇನು?"

"ಮತ್ತ ಅಕ್ಕಾರನ್ನ ಯಾಕ ಕಳ್ಳಿ ಅಂದಿ?"

ಆಯಿ ಹಂಡೆಯ ಕಂಠವನ್ನು ಸೆರಗಿನಿಂದ ಒರೆಸುತ್ತಾ ನಿಂತಳು. ಅವಳಿಗೂ ಅದನ್ನು ಹೇಳುವುದು ಸುಲಭವಿರಲಿಲ್ಲ ಎಂದು ನನಗೆ ಕಂಡಿತು.

"ನಿಮ್ಮಪ್ಪಗ ಶಕ್ ಬಂದಿತ್ತು, ಯಾರೋ ಹೊರಗ ಮಾತು ಒಯ್ಯಾಕತ್ತಾರ ಅಂತ. ತಮ್ಮನ ಅಂತ ಗೊತ್ತಾಗಿದ್ರ ಅವತ್ತ ಆ ಮಗ್ಗ ಕಿತ್ತು ಬೀದಿಗೆ ಒಗೀತಿದ್ದ. ಅಕ್ಕಾರಿಗೆ ಹೋಗಾಕ ಊರೈತಿ, ಓದೈತಿ. ಇಂವ ಎಲ್ಲಿಗೆ ಹೋಗ್ತಾನ?"

ಆಮೇಲೆ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. ಬಣ್ಣ ಕೂತ ಕೆಂಪು ಉಗುರುಗಳು ಕೆನ್ನೆಗೆ ಒತ್ತಿದವು.

"ನಿನಗ ನೆನೆ ನೀರು ಕೂಡಿಸಾಕ ಬರ್ತೈತಿ ಅಂತನೂ ನನಗ ಗೊತ್ತೈತಿ. ಗೊತ್ತಿದ್ರೂ ಬೆಲ್ಲ ಅಂದಿ, ಮಜ್ಜಿಗಿ ಅಂದಿ, ಖರೇ ಅನಲಿಲ್ಲ. ನೀ ಪರಮನಿ ಹೆಣ್ಣಲ್ಲ, ಈ ಮನೀದು. ಇದನ್ನೂ ಹೊಟ್ಟ್ಯಾಗ ಇಟ್ಟುಕೋ."

ಆ ಮನೆಯಲ್ಲಿ ಹುಟ್ಟಿದ ಹೆಣ್ಣಿಗೆ ಯಾರೂ ಆಡದ ಮಾತು ಅದು. ಆಯಿ ನನ್ನನ್ನು ಹಾಗೆ ಒಪ್ಪಿಕೊಳ್ಳಲಿ ಎಂದು ಎಷ್ಟು ದಿನದಿಂದ ಆಸೆಪಟ್ಟಿದ್ದೆನೋ, ಅದು ಸಿಕ್ಕಾಗ ನನಗೆ ಬೇಡವಾಗಿತ್ತು.

ಆ ಸಂಜೆ ರೊಟ್ಟಿ ಬಡಿಯುವ ಹೊತ್ತಿಗೆ ಅಪ್ಪ ಕೆಂಡವಾಗಿ ಬಂದ. ನರಸಪ್ಪ ಊರ ಮಜ್ಜಿಗೆಯನ್ನೆಲ್ಲ ಹಂಡೆಗೆ ಹಾಕಿ ನೂಲು ನೆನೆಹಾಕಿದ್ದಾನೆಂಬ ಸುದ್ದಿ ಅವನಿಗೆ ಮುಟ್ಟಿತ್ತು. ಗುಟ್ಟು ಏನೆಂದು ತಿಳಿಯದ ಅವನಿಗೆ, ಮಜ್ಜಿಗೆಯೇ ನಿಜವಾದ ಗುಟ್ಟೋ ಏನೋ ಎಂಬ ಭಯ. ತಾಟಿನ ಮುಂದೆ ಕೂತವನು ರೊಟ್ಟಿ ಮುಟ್ಟಲಿಲ್ಲ.

"ಅಕಿ ಊರು ಬಿಟ್ಟು ಹೋಗಿ ಎಷ್ಟು ದಿನ ಆತು! ಈಗ ಅವರಿಗೆ ಮಜ್ಜಿಗಿ ಅಂತ ಹೇಳಿದೋರು ಯಾರು? ಹೊರಗಿನೋರು ಯಾರೂ ಬಂದಿಲ್ಲ. ಅಂದ್ರ ಈ ಒಲಿ ಮುಂದ ಕೂತೋರ ಪೈಕಿ ಯಾರೋ ಹೇಳ್ಯಾರ."

ಅವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕುವುದನ್ನು ಮರೆತಳು. ಕಾಕಾ ತಲೆ ಎತ್ತಲಿಲ್ಲ, ಅವನ ಕೈಯೊಳಗಿನ ತುತ್ತು ಪುಡಿಪುಡಿಯಾಗಿ ತಾಟಿಗೆ ಉದುರುತ್ತಿತ್ತು. ಆಯಿ ನನ್ನ ಕಡೆ ನೋಡಲೂ ಇಲ್ಲ. ನೋಡಿದ್ದರೆ, ಅವಳು ಹೇಳಿಸಿದಳೆಂದು ನಾನು ಇವತ್ತು ಅವಳ ಮೇಲೆ ಹಾಕಿ ನಿರಾಳವಾಗಬಹುದಿತ್ತು.

"ನಾನ ಹೇಳಿದ್ದೆ ಅಪ್ಪಾ," ಎಂದೆ. "ಅಕ್ಕಾರಿಗೆ. ಬೆಲ್ಲ ಅಂದ ದಿನಾನ ಮಜ್ಜಿಗಿನೂ ಅಂದಿದ್ದೆ. ಒಂದು ಸುಳ್ಳಾದ್ರ ಇನ್ನೊಂದು ನೋಡ್ಲಿ ಅಂತ ಅಕಿನ ನರಸಪ್ಪಗ ಎರಡೂ ಹೇಳಿ ಹೋಗ್ಯಾಳ."

"ಎರಡೂ ಸುಳ್ಳೇನು?"

"ಎರಡೂ ಸುಳ್ಳು."

ಅಪ್ಪ ಅವ್ವನ ಕಡೆ ನೋಡಿದ. ಅವ್ವ ಹೌದೆಂದು ತಲೆಯಾಡಿಸಿದಳು. ಅವನ ಹೆಗಲು ಸ್ವಲ್ಪ ಸಡಿಲವಾಯಿತು, ಆದರೂ ಅವನು ಅದೇ ಮನೆಯ ಮಗ.

"ನೀ ಹೇಳಿದಾಗ ಅಕಿ ಒಬ್ಬಾಕೀನ ಇದ್ದಳೇನು? ಹೆಂಗ ಗೊತ್ತು? ನೀ ನೋಡಿದಿ?"

ಕಾಕಾ ಆಗ ತಲೆ ಎತ್ತಿ ನನ್ನನ್ನು ನೋಡಿದ. ಅವನಿಗೆ ನಾನು ಎಲ್ಲವನ್ನೂ ತಿಳಿದುಕೊಂಡಿದ್ದೇನೆಂದು ಆ ಗಳಿಗೆಯಲ್ಲಿ ತಿಳಿಯಿತು.

"ನೋಡೀನಿ ಅಪ್ಪಾ," ಎಂದೆ. "ಅಕ್ಕಾರ ಒಬ್ರ ಇದ್ರು. ಕಾಕಾನ ಮಗ್ಗ ನಡದಿತ್ತು. ನನ್ನ ಮಾತು ಮತ್ಯಾರಿಗೂ ಕೇಳಿರಾಕ ಸಾಧ್ಯ ಇಲ್ಲ."

ಅಪ್ಪ ರೊಟ್ಟಿ ಮುರಿದ.